ಟರ್ಮಿನಲ್ ಆ್ಯಪ್ ಸಿಸ್ಟಮೈಜರ್: ಸಿಸ್ಟಂ ವಿಭಾಗವನ್ನು ಮುಟ್ಟದ ಸಾಧನ

ರೂಟ್ ಮಾಡಿದ (ಅಂದರೆ ಸಿಸ್ಟಂನ ಪೂರ್ಣ ನಿಯಂತ್ರಣ ಪಡೆದ) ಆಂಡ್ರಾಯ್ಡ್ ಫೋನಿನಲ್ಲಿ ನಾವೇ ಹಾಕಿಕೊಂಡ ಆ್ಯಪನ್ನು ಸಿಸ್ಟಂ ಆ್ಯಪ್ (ಫೋನಿನೊಂದಿಗೇ ಬರುವಂಥ ಆ್ಯಪ್) ಆಗಿಸಲು, ರೂಟ್ ಮಾಡುವ ತಂತ್ರಾಂಶವಾದ ಮ್ಯಾಜಿಸ್ಕ್‌ಗೆ ಸೇರಿಸಿಕೊಳ್ಳುವ ಈ ಮಾಡ್ಯೂಲ್ ನನಗೆ ಬಹಳ ಮೆಚ್ಚುಗೆಯಾಗಿದೆ. ಹಿಂದೆ ಆ್ಯಪ್‌ನ ಎಪಿಕೆ (ಇನ್‌ಸ್ಟಾಲ್ ಮಾಡುವ) ಫೈಲನ್ನು ಆಂಡ್ರಾಯ್ಡ್ ಇರುವ ಸಿಸ್ಟಂ ವಿಭಾಗಕ್ಕೇ ನಕಲು ಮಾಡಿ, ಅದರ ಪರ್ಮಿಷನ್ನನ್ನು 644ಕ್ಕೆ (ಎಲ್ಲರೂ ಓದಬಹುದು, ಮಾಲೀಕ ಮಾತ್ರ ಬದಲಿಸಬಹುದು) ಹೊಂದಿಸಿ, ಫೋನನ್ನು ರೀಬೂಟ್ ಮಾಡಬೇಕಿತ್ತು. ಆಂಡ್ರಾಯ್ಡ್ 10ರೊಂದಿಗೆ ಡೈನಾಮಿಕ್ ಪಾರ್ಟಿಷನ್ (ವಿಭಾಗಗಳ ಗಾತ್ರವನ್ನು ಬದಲಿಸಬಲ್ಲ ವ್ಯವಸ್ಥೆ) ಬಂದ ಮೇಲೆ ಹೊಸ ಫೋನುಗಳಲ್ಲಿ ಆ ವಿಭಾಗಕ್ಕೆ ಬರೆಯುವುದೇ ಬಲು ಕಷ್ಟವಾಯಿತು. ಈ ಮಾಡ್ಯೂಲ್ ಅಲ್ಲಿ ಏನನ್ನೂ ಬರೆಯದೆ, ಆ್ಯಪ್‌ನ ಪ್ರತಿಯನ್ನು ಡೇಟಾ ವಿಭಾಗದಲ್ಲಿಟ್ಟು, ಫೋನ್ ಬೂಟ್ ಆಗುವಾಗ ಅದನ್ನು ಸಿಸ್ಟಂ ಫೋಲ್ಡರಿನಲ್ಲಿ ಮೌಂಟ್ ಮಾಡುತ್ತದೆ, ಅಂದರೆ ಅಲ್ಲೇ ಇರುವಂತೆ ತೋರಿಸುತ್ತದೆ.

ಬಳಕೆ ಸರಳ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಆ್ಯಪ್‌ನಲ್ಲಿ) ರೂಟ್ ಅನುಮತಿ ಪಡೆದು ‘ಸಿಸ್ಟಮೈಜ್’ ಎಂಬ ಕಮಾಂಡ್ ಕೊಟ್ಟರೆ ಮೆನು ತೆರೆದುಕೊಳ್ಳುತ್ತದೆ.

ಯೋಚಿಸಬೇಕಾದದ್ದು ‘ಆ್ಯಪ್’ ಮತ್ತು ‘ಪ್ರಿವ್-ಆ್ಯಪ್’ ಎಂಬ ಎರಡು ಸಿಸ್ಟಂ ಫೋಲ್ಡರುಗಳ ನಡುವಿನ ಆಯ್ಕೆಯನ್ನು. ಎರಡನೆಯದರಲ್ಲಿ ವಿಶೇಷ ಅನುಮತಿಗಳು ದೊರೆಯುತ್ತವೆ, ಆದರೆ ಆಂಡ್ರಾಯ್ಡ್ 8ರಿಂದ ಅವುಗಳನ್ನು ಪ್ರತ್ಯೇಕ ಎಕ್ಸ್‌ಎಂಎಲ್ ಪಟ್ಟಿಯಲ್ಲಿ ನಮೂದಿಸಬೇಕಾಗಿದ್ದು, ಆ ನಿಯಮ ಕಡ್ಡಾಯವಾಗಿರುವ ಫೋನುಗಳಲ್ಲಿ ಪಟ್ಟಿ ಅಪೂರ್ಣವಾಗಿದ್ದರೆ ಫೋನ್ ಬೂಟ್ ಆಗದೆಯೇ ಉಳಿಯಬಹುದು. ಹಾಗಾದಾಗ ಸೇಫ್ ಮೋಡ್‌ಗೆ ಹೋದರೆ ಮ್ಯಾಜಿಸ್ಕ್ ಎಲ್ಲ ಮಾಡ್ಯೂಲ್‌ಗಳನ್ನೂ ನಿಷ್ಕ್ರಿಯಗೊಳಿಸುತ್ತದೆ; ಇಂಥ ಪ್ರಯೋಗಕ್ಕೆ ಧೈರ್ಯ ಕೊಡುವುದೇ ಈ ಸೌಲಭ್ಯ. ವಿಶೇಷ ಅನುಮತಿ ಬೇಡದ ಆ್ಯಪ್‌ಗೆ ಮೊದಲನೆಯ ಫೋಲ್ಡರೇ ಸಾಕು ಎಂಬುದು ನನ್ನ ದೃಢ ಅಭಿಪ್ರಾಯ.

ಕಳವಾದ ಫೋನನ್ನು ಪತ್ತೆಹಚ್ಚುವ ಆ್ಯಪ್ ಫ್ಯಾಕ್ಟರಿ ರೀಸೆಟ್ ಆದ ಮೇಲೂ ಉಳಿಯಲಿ ಎಂದು ಬಯಸುವವರಿಗೆ ಮಾತ್ರ ಇದನ್ನು ಶಿಫಾರಸು ಮಾಡಲಾರೆ, ಏಕೆಂದರೆ ಡೇಟಾ ವಿಭಾಗ ಅಳಿಸಿದಾಗ ಮಾಡ್ಯೂಲ್ ಕೂಡ ಅಳಿಸಿಹೋಗುತ್ತದೆ.