ಹಳೇ ಕಂಪ್ಯೂಟರು ಕಾಲೇಜಿನ ಗೇಟು ದಾಟುವ ಮೊದಲು ಡಿಸ್ಕ್ ಹೊರಗೆ ತೆಗೆಯಿರಿ

ಧಾರವಾಡದ ಒಂದು ಕಾಲೇಜಿನ ಲ್ಯಾಬಿನಿಂದ ಮೂವತ್ತೆಂಟು ಹಳೇ ಕಂಪ್ಯೂಟರು ಗುಜರಿಗೆ ಹೋದವು. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ರೈಟ್ ಆಫ್ ಆಗಿತ್ತು, ಕಮಿಟಿಯವರು ಸಹಿ ಹಾಕಿದ್ದರು, ಮೂರು ಕೊಟೇಶನ್ ಫೈಲಿನಲ್ಲಿದ್ದವು. ಎರಡು ತಿಂಗಳಾದ ಮೇಲೆ ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಮಶೀನು ಕೊಂಡವರೊಬ್ಬರು ಆಫೀಸಿಗೆ ಫೋನ್ ಮಾಡಿದರು: “ಸರ್, ಇದರಾಗ ನಿಮ್ಮ ಹುಡುಗ್ಯಾರ ಆಧಾರ್ ಕಾರ್ಡು, ಪಾಸ್‌ಬುಕ್ಕು ಎಲ್ಲಾ ಅದಾವ್ರಿ. ಏನ್ ಮಾಡ್ಲಿ?” ಸ್ಕಾಲರ್‌ಶಿಪ್ ಅರ್ಜಿಗೆ ಸ್ಕ್ಯಾನ್ ಮಾಡಿಟ್ಟ ಫೋಲ್ಡರು ವರ್ಷವಾರು ಹಾಗೇ ಕೂತಿತ್ತು. ಲ್ಯಾಬಿನವರು ಫಾರ್ಮ್ಯಾಟ್ ಮಾಡಿದ್ದು ಸಿ ಡ್ರೈವ್ ಮಾತ್ರ, ಡಿ ಡ್ರೈವನ್ನು ಯಾರೂ ತೆರೆದು ನೋಡಿರಲಿಲ್ಲ. ಉಳಿದ ಮೂವತ್ತೇಳು ಡಿಸ್ಕು ಯಾರ ಕೈಯಲ್ಲಿವೆಯೋ ಇವತ್ತಿಗೂ ಗೊತ್ತಿಲ್ಲ.

ಈಗ ಈ ಮಾತು ಇನ್ನೂ ಜರೂರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇಲ್ಲದ ಹಳೇ ಮಶೀನುಗಳು ವಿಂಡೋಸ್ 11ಕ್ಕೆ ಅರ್ಹವಲ್ಲ, ಹಾಗಾಗಿ ಲ್ಯಾಬುಗಳು ಒಟ್ಟೊಟ್ಟಿಗೆ ಖಾಲಿಯಾಗುತ್ತಿವೆ.

ಡಿ ಡ್ರೈವನ್ನೂ ಕ್ವಿಕ್ ಫಾರ್ಮ್ಯಾಟ್ ಮಾಡಿದ್ದರೆ ಸಾಕಿತ್ತೇ? ಸಾಲುತ್ತಿರಲಿಲ್ಲ. ಅದು ಪುಸ್ತಕದ ಪರಿವಿಡಿ ಹರಿದಂತೆ, ಪುಟಗಳು ಉಳಿದೇ ಇರುತ್ತವೆ. ಫೋಟೋರೆಕ್‌ನಂಥ ಪುಕ್ಕಟೆ ಸಾಫ್ಟ್‌ವೇರೇ ಅವನ್ನು ಎತ್ತಿ ಕೊಡುತ್ತದೆ. ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯಬೇಕು. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ, ವಿಂಡೋಸಿನಲ್ಲೇ ಇರುವ ಕಮಾಂಡ್ ಟೂಲು ಡಿಸ್ಕ್‌ಪಾರ್ಟ್‌ನಲ್ಲಿ ‘ಲಿಸ್ಟ್ ಡಿಸ್ಕ್’ ಕೊಟ್ಟು, ಸೈಜು ನೋಡಿ ನಂಬರು ಖಾತ್ರಿ ಮಾಡಿಕೊಂಡು, ‘ಸೆಲೆಕ್ಟ್ ಡಿಸ್ಕ್’ ಆದ ಮೇಲೆ ‘ಕ್ಲೀನ್ ಆಲ್’. ಬರೀ ‘ಕ್ಲೀನ್’ ಕೊಟ್ಟರೆ ಕ್ಷಣದಲ್ಲಿ ಮುಗಿಯುತ್ತದೆ, ಆದರೆ ಡೇಟಾ ಅಳಿಸುವುದಿಲ್ಲ. ನಂಬರು ತಪ್ಪಿದರೆ ನಿಮ್ಮದೇ ಡಿಸ್ಕು ಹೋಯಿತು, ಅವಸರ ಬೇಡ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 500 ಜಿಬಿ ಡಿಸ್ಕಿಗೆ ಸುಮಾರು ಒಂದೂವರೆ ತಾಸು, ಹಳೇದಾಗಿದ್ದರೆ ಇನ್ನೂ ಹೆಚ್ಚು. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಶುರು ಮಾಡಿ. ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದ ಚಿಪ್ಪಿನ ಡಿಸ್ಕಿಗೆ) ಈ ವಿಧಾನ ಪೂರ್ತಿ ನಂಬಲರ್ಹವಲ್ಲ, ಅದರಲ್ಲಿ ನಮಗೆ ಕಾಣದ ಹೆಚ್ಚುವರಿ ಜಾಗ ಇರುತ್ತದೆ. ತಯಾರಕರ ಟೂಲಿನಲ್ಲಿರುವ ಸೆಕ್ಯೂರ್ ಇರೇಸ್ ಬಳಸಿ. ತಿರುಗದೇ ಸತ್ತ ಹಾರ್ಡ್ ಡಿಸ್ಕನ್ನು ಅಳಿಸಲು ಬರುವುದಿಲ್ಲ. ಒಳಗಿನ ತಟ್ಟೆಗಳನ್ನು ತೂರಿ ಹೋಗುವಂತೆ ಡ್ರಿಲ್ಲಿನಿಂದ ಮೂರು ನಾಲ್ಕು ಕಡೆ ತೂತು ಹಾಕಿ. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಕೆಲವೊಮ್ಮೆ ಗಾಜಿನದು, ಕಣ್ಣಿಗೆ ಕನ್ನಡಕ ಇರಲಿ. ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಮುಂದೆ ಅಳಿಸಿದ ತಾರೀಖು, ಅಳಿಸಿದವರ ಸಹಿ ರಿಜಿಸ್ಟರಿನಲ್ಲೇ ಬರಲಿ.

ಅದೇ ಲಾಟಿನಲ್ಲಿ ಹಳೇ ಡಬ್ಬಾ ಮಾನಿಟರುಗಳೂ ಹೋಗಿದ್ದವು. ಗುಜರಿಯವರಿಗೆ ಬೇಕಾದದ್ದು ಟ್ಯೂಬಿನ ಕತ್ತಿಗೆ ಸುತ್ತಿದ ತಾಮ್ರ. ಅದನ್ನು ಬಿಚ್ಚಿಕೊಂಡು ಗಾಜನ್ನು ನಾಲೆಗೋ ಬಯಲಿಗೋ ಎಸೆಯುತ್ತಾರೆ, ಆ ಗಾಜಿನಲ್ಲಿ ಸೀಸ ಇರುತ್ತದೆ. ಕೇಬಲ್ಲು ಸುಟ್ಟು ತಾಮ್ರ ತೆಗೆಯುವವರ ಹೊಗೆ ಯಾರ ಮನೆಗೆ ಹೋಗುತ್ತದೆಂದು ಹೇಳಬೇಕಿಲ್ಲ.

ಇ-ತ್ಯಾಜ್ಯ ನಿರ್ವಹಣಾ ನಿಯಮ 2022, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರ್ಥಿಕ ವರ್ಷದಲ್ಲಿ ಯಾವಾಗಲಾದರೂ ಕನಿಷ್ಠ ಸಾವಿರ ಉಪಕರಣ ಬಳಸಿದ ಸಂಸ್ಥೆ ‘ಬಲ್ಕ್ ಕನ್ಸ್ಯೂಮರ್’. ಅದು ತನ್ನ ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕರು, ರಿಫರ್ಬಿಶರ್ (ರಿಪೇರಿ ಮಾಡಿ ಮತ್ತೆ ಬಳಕೆಗೆ ತರುವವರು) ಅಥವಾ ರೀಸೈಕ್ಲರ್‌ಗೇ ಕೊಡಬೇಕು. ನಿಮ್ಮದು ಚಿಕ್ಕ ಕಾಲೇಜಾದರೂ ಇದೇ ದಾರಿ ಹಿಡಿಯಿರಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲಿನಲ್ಲಿ ಆ ಕಂಪನಿಯ ಹೆಸರು ಇದೆಯೇ, ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ನೀವೇ ನೋಡಿ. ಅವರು ತೋರಿಸುವ ಝೆರಾಕ್ಸ್ ನಂಬಬೇಡಿ. ಗುಜರಿಗಿಂತ ರೇಟು ಕಡಿಮೆ ಬಂದರೆ ಬರಲಿ.

ದಾನ ಕೊಡುವವರಿಗೂ ಒಂದು ಮಾತು. ಅದೇ ಕಾಲೇಜು ಕುಂದಗೋಳ ಕಡೆಯ ಹೈಸ್ಕೂಲಿಗೆ ಹತ್ತು ಮಶೀನು ಕೊಟ್ಟಿತ್ತು. ಅವು ಚೀಲ ಹೊದ್ದು ಖೋಲಿಯ ಮೂಲೆಯಲ್ಲಿವೆ. ನಾಲ್ಕಕ್ಕೆ ಬಯೋಸ್ (ಕಂಪ್ಯೂಟರು ಶುರುವಾಗುವಾಗಿನ ಸೆಟ್ಟಿಂಗ್) ಪಾಸ್‌ವರ್ಡ್ ಇತ್ತು, ಹಾಕಿದವರು ರಿಟೈರ್ ಆಗಿದ್ದರು. ಪೆನ್‌ಡ್ರೈವಿನಿಂದ ಬೂಟ್ ಆಗದ್ದರಿಂದ ಹೊಸ ಸಿಸ್ಟಮ್ ಹಾಕಲಾಗಲಿಲ್ಲ. ಮೂರಕ್ಕೆ ವೈರಿನ ಪಿನ್ನೇ ಹೊಂದಲಿಲ್ಲ: ಮಾನಿಟರು ವಿಜಿಎ, ಸಿಪಿಯುದಲ್ಲಿ ಡಿಸ್‌ಪ್ಲೇಪೋರ್ಟ್ ಮಾತ್ರ. ಉಳಿದವುಗಳಲ್ಲಿ ಬೋರ್ಡಿನ ಸಿಆರ್2032 ಬಿಲ್ಲೆ ಸೆಲ್ಲು ಸತ್ತು, ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗುತ್ತಿತ್ತು. ತಾರೀಖು ತಪ್ಪಿದರೆ ಬ್ರೌಸರು ಸೈಟು ತೆರೆಯುವ ಬದಲು ಸರ್ಟಿಫಿಕೇಟ್ ದೋಷ ತೋರಿಸುತ್ತದೆ. ಶಾಲೆಯವರು ಇಂಟರ್ನೆಟ್ಟೇ ಕೆಟ್ಟಿದೆ ಅಂದುಕೊಂಡರು. ಈಗ ಹೆಡ್‌ಮಾಸ್ತರಿಗೆ ಎಸೆಯಲೂ ಬರುವುದಿಲ್ಲ, ಅವು ಶಾಲೆಯ ಸ್ಟಾಕ್ ರಿಜಿಸ್ಟರಿಗೆ ಏರಿಬಿಟ್ಟಿವೆ. ಕೈ ಮುಗಿದು ಕೇಳುತ್ತೇವೆ, ಕಸ ಸಾಗಿಸಿ ಅದಕ್ಕೆ ದಾನ ಅನ್ನಬೇಡಿ. ಎರಡು ತಾಸು ಬಂದ್ ಆಗದೆ ಓಡಿದ, ಕನಿಷ್ಠ 4 ಜಿಬಿ ರ‍್ಯಾಮ್ ಇರುವ, ಪುಕ್ಕಟೆ ಸಿಗುವ ಲಿನಕ್ಸ್ ಸಿಸ್ಟಮ್ ಹಾಕಿ ಕನ್ನಡ ಟೈಪಿಂಗ್ ಪರೀಕ್ಷಿಸಿದ ಮಶೀನು ಐದೇ ಇದ್ದರೂ ಸಾಕು. ವೈರು, ಕೀಬೋರ್ಡು, ಮೌಸು ಜೊತೆಗೇ ಕಟ್ಟಿ. ಕೊಡುವ ಮೊದಲು ಶಾಲಾಭಿವೃದ್ಧಿ ಸಮಿತಿ ಅಂದರೆ ಎಸ್‌ಡಿಎಂಸಿಯವರನ್ನು ಕೇಳಿ.

ಯುಪಿಎಸ್ ಬ್ಯಾಟರಿಯನ್ನು ಈ ರಾಶಿಗೆ ಸೇರಿಸಬೇಡಿ, ಅದಕ್ಕೆ ಬೇರೆಯೇ ನಿಯಮವಿದೆ. ಟರ್ಮಿನಲ್ಲುಗಳಿಗೆ ಟೇಪ್ ಸುತ್ತಿ ಬ್ಯಾಟರಿ ಡೀಲರಿಗೆ ವಾಪಸ್ ಕೊಡಿ. ಮತ್ತೆ ಆಫೀಸಿನ ದೊಡ್ಡ ಝೆರಾಕ್ಸ್ ಮಶೀನು ಹೊರಹೋಗುವ ದಿನ ಬಂದರೆ, ಅದರಲ್ಲೂ ಹಾರ್ಡ್ ಡಿಸ್ಕ್ ಇದೆಯೇ ಎಂದು ಸರ್ವಿಸ್‌ನವರನ್ನು ಕೇಳಿ ತೆಗೆಸಿ. ಮಾರ್ಕ್ಸ್‌ಕಾರ್ಡು, ಜಾತಿ ಪ್ರಮಾಣಪತ್ರ ಎಲ್ಲವೂ ಅದರ ಗಾಜಿನ ಮೇಲೆ ಹಾದುಹೋಗಿರುತ್ತವೆ.