ಹೆವಿ ಲೈಸೆನ್ಸ್ ತರಬೇತಿ: ಘಾಟಿ ಇಳಿಸಿ ಕಲಿಸುವ ಶಾಲೆಯನ್ನೇ ಆರಿಸಿಕೊಳ್ಳಿ

ರೈಲು ಮಾರ್ಗವೇ ಇಲ್ಲದ ಕೊಡಗಿಗೆ ಅಕ್ಕಿ, ಸಿಮೆಂಟ್, ಗೊಬ್ಬರ ಬರುವುದೂ ಇಲ್ಲಿನ ಕಾಫಿ, ಮೆಣಸು, ಶುಂಠಿ ಹೊರಗೆ ಹೋಗುವುದೂ ಲಾರಿಯಲ್ಲೇ. ಹೀಗಾಗಿ ಲಾರಿಯನ್ನು ನಿಜವಾಗಿ ಓಡಿಸಬಲ್ಲವರಿಗೆ ನಮ್ಮ ಜಿಲ್ಲೆಯಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ಆದರೆ ಲೈಸೆನ್ಸ್ ಕೈಯಲ್ಲಿದ್ದೂ ತುಂಬಿದ ಲಾರಿಯನ್ನು ಮಡಿಕೇರಿಯಿಂದ ಮಂಗಳೂರಿನ ಕಡೆ ಇಳಿಯುವ ಸಂಪಾಜೆ ಘಾಟಿಯಲ್ಲಿ ಇಳಿಸಲು ಅಂಜುವ ಹುಡುಗರನ್ನು ನಾನು ಬಹಳ ನೋಡಿದ್ದೇನೆ, ಮತ್ತು ಆ ಅಂಜಿಕೆಗೆ ಅವರು ಕಲಿತ ರೀತಿಯೇ ಕಾರಣವೆಂದು ನಂಬಿದ್ದೇನೆ. ಮಂಗಳೂರು ಮಾರ್ಗದಲ್ಲಿ ಲಾರಿ ಓಡಿಸುವ ನಾನು ಈ ವರ್ಷ ನನ್ನ ತಮ್ಮನನ್ನು ತರಬೇತಿಗೆ ಸೇರಿಸುವ ಮುನ್ನ ಕುಶಾಲನಗರ ಮತ್ತು ಮಡಿಕೇರಿಯ ಶಾಲೆಗಳನ್ನೂ ಜಿಲ್ಲೆಯ ಹೊರಗಿನ ಒಂದು ಮಾನ್ಯತೆ ಪಡೆದ ತರಬೇತಿ ಕೇಂದ್ರವನ್ನೂ ಅವನ ಜೊತೆ ಹೋಗಿ ನೋಡಿದೆ. ಈ ವಿಮರ್ಶೆ ಆ ಓಡಾಟದಿಂದ ಹುಟ್ಟಿದ್ದು.

ಕಾನೂನಿನ ವಿಷಯ ಚಿಕ್ಕದು. ವಯಸ್ಸು 20 ತುಂಬಿರಬೇಕು. ಕಾರು, ಜೀಪಿನಂಥ ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾದರೂ ಆಗಿರಬೇಕು. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಸಿಕ್ಕಿ 30 ದಿನ ಕಳೆದ ಮೇಲೆ, ಅದರ ಆರು ತಿಂಗಳ ಅವಧಿಯೊಳಗೆ ಪರೀಕ್ಷೆ ಕೊಡಬೇಕು. ವೈದ್ಯರ ಪ್ರಮಾಣಪತ್ರದ ಜೊತೆಗೆ ಪರವಾನಗಿ ಇರುವ ಚಾಲನಾ ಶಾಲೆಯೊಂದು ತರಬೇತಿ ಮುಗಿದುದಕ್ಕೆ ಕೊಡುವ ನಮೂನೆ 5ರ ಪ್ರಮಾಣಪತ್ರವೂ ಬೇಕು. ಎಂಟನೇ ತರಗತಿ ಓದಿರಬೇಕೆಂಬ ನಿಯಮವನ್ನು 2019ರಲ್ಲೇ ಕೈಬಿಡಲಾಗಿದೆ, ಆದ್ದರಿಂದ ಶಾಲೆ ಬಿಟ್ಟವರು ಆ ಕಾರಣಕ್ಕೆ ಹಿಂದೆ ಸರಿಯಬೇಕಾಗಿಲ್ಲ. ತೋಟದಿಂದ ಪಿಕಪ್ ಓಡಿಸಿದರೆ ಸಾಕು ಎನ್ನುವವರು ಇನ್ನೊಂದು ಮಾತನ್ನು ತಿಳಿದಿರಬೇಕು: ಒಟ್ಟು ತೂಕ 7,500 ಕಿಲೋ ಒಳಗಿರುವ ಸರಕು ವಾಹನಕ್ಕೆ ಲಘು ವಾಹನದ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಹೆವಿ ತರಬೇತಿಯ ಪ್ರಶ್ನೆ ಬರುವುದು ಅದಕ್ಕಿಂತ ದೊಡ್ಡ ಗಾಡಿಗಳಿಗೆ.

ನಮ್ಮ ಹಿರಿಯ ಚಾಲಕರಲ್ಲಿ ಹೆಚ್ಚಿನವರು ಕ್ಲೀನರ್ ಆಗಿ ಲಾರಿ ಹತ್ತಿದವರು. ಹಗ್ಗ ಬಿಗಿಯುವುದು, ಟಾರ್ಪಾಲು ಹೊದಿಸುವುದು, ಟೈರ್ ಬದಲಿಸುವುದು, ಲೋಡ್ ಒಂದು ಕಡೆ ವಾಲಿದ್ದನ್ನು ಕಣ್ಣಂದಾಜಿನಲ್ಲೇ ಗುರುತಿಸುವುದು, ಇವೆಲ್ಲ ಆ ದಾರಿಯಲ್ಲಿ ಬರುವಷ್ಟು ಚೆನ್ನಾಗಿ ಬೇರೆಲ್ಲೂ ಬರುವುದಿಲ್ಲವಾದ್ದರಿಂದ ಆ ಕಲಿಕೆಯ ಮೇಲೆ ನನಗೆ ಗೌರವವಿದೆ. ಆದರೆ ಎಲ್‌ಎಲ್‌ಆರ್ ಕೂಡ ಇಲ್ಲದ ಹುಡುಗನ ಕೈಗೆ ರಾತ್ರಿ ಹೊತ್ತು ಸ್ಟೀರಿಂಗ್ ಕೊಡುವ ಪದ್ಧತಿ ಅಪರಾಧ. ಏನಾದರೂ ಸಂಭವಿಸಿದರೆ ವಿಮೆಯೂ ಕೈಕೊಟ್ಟೀತು. ಅದೂ ಅಲ್ಲದೆ ಎಷ್ಟು ವರ್ಷ ಲಾರಿಯಲ್ಲಿ ತಿರುಗಿದ್ದರೂ ನಮೂನೆ 5ಕ್ಕಾಗಿ ಕೊನೆಗೆ ಶಾಲೆಯ ಬಾಗಿಲಿಗೆ ಬರಲೇಬೇಕು.

ಇನ್ನು ಶಾಲೆಗಳು. ನಾವು ನೋಡಿದ ಒಂದು ಶಾಲೆಯಲ್ಲಿ ತರಬೇತಿಯೆಲ್ಲ ಖಾಲಿ ಲಾರಿಯಲ್ಲಿ, ಅದೂ ಸಮತಟ್ಟಾದ ರಸ್ತೆಯಲ್ಲಿ ಮುಗಿಯುತ್ತಿತ್ತು. ಗಾಡಿಯ ಗಾಳಿ ಒತ್ತಡದ ಮೀಟರ್ ಕೆಲಸ ಮಾಡುತ್ತಿರಲಿಲ್ಲ. ಗಾಳಿಯ ಒತ್ತಡದಿಂದ ಹಿಡಿಯುವ ಏರ್ ಬ್ರೇಕ್ ಗಾಡಿಯಲ್ಲಿ ಕಲಿಯುವವನು ಮೊದಲು ನೋಡಬೇಕಾದದ್ದೇ ಆ ಮೀಟರನ್ನು. ಅದಿಲ್ಲದೆ ಅವನಿಗೆ ಏನು ಕಲಿಸುತ್ತಾರೆ ಎಂದು ನನಗೆ ನಿಜಕ್ಕೂ ಸಿಟ್ಟು ಬಂತು. ಪರೀಕ್ಷೆಗೆ ಬೇಕಾದ ರಿವರ್ಸ್, ತಿರುವು, ಏರಿನಲ್ಲಿ ನಿಲ್ಲಿಸಿ ಎತ್ತುವುದನ್ನಷ್ಟೇ ಅಲ್ಲಿ ಉರು ಹೊಡೆಸುತ್ತಾರೆ. ಪಾಸಾಗುವುದಕ್ಕೆ ಅದು ಸಾಕಾದೀತು, ಘಾಟಿಗೆ ಸಾಲದು.

ಕೊನೆಗೆ ನಾವು ಒಪ್ಪಿಕೊಂಡ ಶಾಲೆ ಕಟ್ಟಡದಲ್ಲಾಗಲಿ ಗಾಡಿಯಲ್ಲಾಗಲಿ ಹೊಸದೇನಲ್ಲ. ಆದರೆ ಅಲ್ಲಿನ ತರಬೇತುದಾರರು ಸರ್ಕಾರಿ ಬಸ್ ಓಡಿಸಿ ನಿವೃತ್ತರಾದವರು. ಮೊದಲ ವಾರ ಕ್ಲಚ್, ಗೇರ್ ಮತ್ತು ಎಡಗಡೆಯ ಕನ್ನಡಿಯ ಅಭ್ಯಾಸ ಮಾಡಿಸಿ, ಆಮೇಲೆ ಗುಡ್ಡೆಹೊಸೂರು, ಆನೆಕಾಡು, ಸುಂಟಿಕೊಪ್ಪ ದಾರಿಯಾಗಿ ಮಡಿಕೇರಿಯವರೆಗೆ ಏರಿಸುತ್ತಾರೆ. ಕೈ ಕುದುರಿದೆಯೆನಿಸಿದ ಮೇಲೆ ಮದೆನಾಡು, ಜೋಡುಪಾಲದ ಕಡೆಗೆ ಇಳಿಸುತ್ತಾರೆ, ಅದೂ ಸ್ವಲ್ಪ ಲೋಡ್ ಹಾಕಿಕೊಂಡು. "ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸ್ಕೊಳ್ಳಿ, ಇಳಿಯುವಾಗ ಹುಡುಕ್ಬೇಡಿ" ಎಂಬ ಅವರ ಮಾತನ್ನು ತಮ್ಮ ಈಗಲೂ ಹೇಳುತ್ತಿರುತ್ತಾನೆ. ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡು ಇಳಿದರೆ ಚಕ್ರದ ಡ್ರಮ್ ಕಾದು ಅದಕ್ಕೆ ಒತ್ತಿ ನಿಲ್ಲಿಸುವ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಒತ್ತಿದರೆ ಕಂಪ್ರೆಸರ್ ತುಂಬುವುದಕ್ಕಿಂತ ಬೇಗ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿದರೆ ಎಂಜಿನ್ನಿನ ಹಿಡಿತವೂ ಹೊಗೆ ಹೋಗುವ ದಾರಿಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕಿನ ನೆರವೂ ಒಟ್ಟಿಗೇ ತಪ್ಪಿಹೋಗುತ್ತವೆ. ಇದನ್ನು ಹಲಗೆಯ ಮೇಲೆ ಬರೆದು ತೋರಿಸುವುದು ಸುಲಭ. ತಿರುವಿನಲ್ಲಿ ಎದುರಿಗೆ ಬಸ್ ಬಂದಾಗ, ಇಕ್ಕಟ್ಟಿನಲ್ಲಿ ಏರುವ ವಾಹನಕ್ಕೇ ಮೊದಲ ದಾರಿ ಎಂಬ ನಿಯಮ ನೆನಪಾಗಿ ಗಾಡಿಯನ್ನು ಅಲುಗದಂತೆ ನಿಲ್ಲಿಸುವುದು ಮಾತ್ರ ಘಾಟಿಯಲ್ಲೇ ಬರಬೇಕಾದ ವಿದ್ಯೆ.

ಮಾನ್ಯತೆ ಪಡೆದ ಕೇಂದ್ರದ ಬಗ್ಗೆ ಅನ್ಯಾಯದ ಮಾತು ಆಡಲಾರೆ. 2021ರ ಜುಲೈಯಲ್ಲಿ ಜಾರಿಗೆ ಬಂದ ನಿಯಮದಂತೆ ಇಂಥ ಕೇಂದ್ರಗಳಲ್ಲಿ ಭಾರಿ ವಾಹನದ ಕೋರ್ಸು ಆರು ವಾರ, 38 ಗಂಟೆ. ಗಾಡಿ ಓಡಿಸಿದಂತೆಯೇ ಅಭ್ಯಾಸ ಮಾಡಿಸುವ ಸಿಮ್ಯುಲೇಟರ್ ಯಂತ್ರ ಮತ್ತು ಸ್ವಂತ ಟ್ರ್ಯಾಕ್ ಇರಬೇಕು. ಅಲ್ಲಿ ಉತ್ತೀರ್ಣರಾದವರು ಆರ್‌ಟಿಓ ಚಾಲನಾ ಪರೀಕ್ಷೆ ಕೊಡಬೇಕಾಗಿಲ್ಲ. ಪಾಠ ಕ್ರಮಬದ್ಧವಾಗಿತ್ತು, ಗಾಡಿ ಹೊಸದಾಗಿತ್ತು. ಹೆದ್ದಾರಿಯಲ್ಲಿ ದೂರದ ಊರುಗಳಿಗೆ ಓಡಿಸುವ ಕಂಪನಿ ಕೆಲಸ ಬಯಸುವವರಿಗೆ, ಆರು ವಾರ ಊರು ಬಿಟ್ಟು ಉಳಿಯಲು ಅನುಕೂಲವಿರುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ನಾವು ನೋಡಿದ ಕೇಂದ್ರ ಬಯಲುಸೀಮೆಯಲ್ಲಿದ್ದುದರಿಂದ, ಕೊಡಗಿನಲ್ಲೇ ದುಡಿಯಬೇಕೆಂದಿರುವ ತಮ್ಮನಿಗೆ ಅದು ಹೊಂದಲಿಲ್ಲ.

ಸೇರುವ ಮೊದಲು ಶುಲ್ಕಕ್ಕಿಂತ ಮುಂಚೆ ಕೇಳಬೇಕಾದದ್ದು, ಒಬ್ಬೊಬ್ಬರಿಗೆ ಸ್ಟೀರಿಂಗ್ ಎಷ್ಟು ಹೊತ್ತು ಸಿಗುತ್ತದೆ ಎಂಬುದು. ಗಾಡಿಯಲ್ಲಿ ಐದಾರು ಮಂದಿಯನ್ನು ಕೂರಿಸಿ ಸರದಿಯಂತೆ ಓಡಿಸುವ ಕಡೆ ದಿನಗಳ ಲೆಕ್ಕಕ್ಕೆ ಬೆಲೆಯಿಲ್ಲ. ಪರೀಕ್ಷೆಯ ದಿನದ ಗಾಡಿ ಬಾಡಿಗೆ ಶುಲ್ಕದೊಳಗೇ ಸೇರಿದೆಯೇ ಎಂದೂ ವಿಚಾರಿಸಿ. ಕಾಲದ ವಿಷಯದಲ್ಲಿ ನನ್ನ ಸಲಹೆ ಬಹಳ ಜನ ಹೇಳುವುದಕ್ಕಿಂತ ಬೇರೆ: ಬೇಸಿಗೆಯಲ್ಲಿ ಕಲಿತು ಮುಗಿಸಬೇಡಿ, ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಸೇರಿಕೊಳ್ಳಿ. ಮಳೆಯ ಅಬ್ಬರದಲ್ಲಿ ಜಿಲ್ಲಾಡಳಿತ ಭಾರಿ ವಾಹನಗಳ ಸಂಚಾರಕ್ಕೆ ನಿರ್ಬಂಧ ಹಾಕುವುದುಂಟು. ಮಳೆ ತಗ್ಗಿದ ಮೇಲೂ ರಸ್ತೆ ಒದ್ದೆಯಾಗಿರುತ್ತದೆ, ಬೆಳಿಗ್ಗೆ ಮಂಜು ಕವಿದಿರುತ್ತದೆ, ಕಲಿಯಲು ಅದೇ ತಕ್ಕ ಸಮಯ. ಆಗ ಸೇರಿದವರಿಗೆ ಕಾಫಿ ಕೊಯ್ಲು ಬಿರುಸಾಗಿ, ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳ ಮುಂದೆ ಲಾರಿಗಳು ಸಾಲುಗಟ್ಟುವ ಹೊತ್ತಿಗೆ ಲೈಸೆನ್ಸ್ ಕೈಗೆ ಬಂದಿರುತ್ತದೆ.