ಅಕ್ವೇರಿಯಂ ಗಾಜಿಗೆ ಗೀರು ಬೀಳದಂತೆ: ಮ್ಯಾಗ್ನೆಟ್, ಹಳೆಯ ಎಟಿಎಂ ಕಾರ್ಡು, ಬ್ಲೇಡು

ನಮ್ಮ ಮನೆಯ ಮೂರು ಅಡಿ ಉದ್ದದ ಅಕ್ವೇರಿಯಂನ ಮುಂಭಾಗದ ಗಾಜಿನಲ್ಲಿ, ತಳದ ಮರಳಿನಿಂದ ಎರಡು ಬೆರಳು ಮೇಲೆ, ಗೇಣುದ್ದದ ಒಂದು ಗೀರು ಇದೆ. ದೀಪ ಹಾಕಿದೊಡನೆ ಮೀನುಗಳಿಗಿಂತ ಮೊದಲು ಅದೇ ಕಣ್ಣಿಗೆ ಬೀಳುತ್ತದೆ. ಅದರೊಳಗೆ ಕೂತ ಪಾಚಿಯನ್ನು ತೆಗೆಯುವುದಂತೂ ಇನ್ನೂ ಕಷ್ಟ. ಅದು ಮ್ಯಾಗ್ನೆಟ್ ಕ್ಲೀನರಿನಿಂದ, ಅಂದರೆ ಗಾಜಿನ ಹೊರಗಿನ ತುಂಡನ್ನು ಎಳೆದಂತೆ ಒಳಗಿನ ತುಂಡು ಅಯಸ್ಕಾಂತದ ಸೆಳೆತಕ್ಕೆ ಜೊತೆಗೇ ಸರಿದು ಗಾಜನ್ನು ಉಜ್ಜುವ ಸಾಧನದಿಂದ, ಬಿದ್ದ ಗೀರು. ಹಾಗೆಂದು ಮ್ಯಾಗ್ನೆಟ್ಟನ್ನು ದೂರಿ ಸುಮ್ಮನಾಗುವ ಬದಲು, ಗಾಜಿನ ಮುಂಭಾಗವನ್ನು ಅಡಿಗೊಂದರಂತೆ ಮೂರು ಪಾಲು ಮಾಡಿಕೊಂಡು, ಎಡಪಾಲಿಗೆ ಮ್ಯಾಗ್ನೆಟ್, ನಡುವಿನದಕ್ಕೆ ಅವಧಿ ಮುಗಿದ ಎಟಿಎಂ ಕಾರ್ಡು, ಬಲಪಾಲಿಗೆ ಹಿಡಿಕೆಯುಳ್ಳ ಬ್ಲೇಡು ಎಂದು ನಿಗದಿಪಡಿಸಿ, ಎಂಟು ಭಾನುವಾರ ಒಂದೇ ಕ್ರಮದಲ್ಲಿ ಸ್ವಚ್ಛ ಮಾಡಿ ನೋಡಿದೆ.

ಮೊದಲು ಗೀರು ಹೇಗೆ ಬೀಳುತ್ತದೆ ಎಂಬುದನ್ನು ಹೇಳಬೇಕು. ಗಡಸುತನವನ್ನು ಅಳೆಯುವ ಮೊಹ್ಸ್ ಮಾಪಕದಲ್ಲಿ ಸಾಧಾರಣ ಗಾಜಿನ ಸ್ಥಾನ ಸುಮಾರು 5.5; ಮರಳಿನಲ್ಲಿರುವ ಸ್ಫಟಿಕಶಿಲೆಯದು 7. ಆದ್ದರಿಂದ ಯಾವ ಸಾಧನವೇ ಆಗಲಿ, ಅದಕ್ಕೂ ಗಾಜಿಗೂ ನಡುವೆ ಒಂದೇ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಗೀರು ಬೀಳಬಹುದು. ಮೂರನ್ನೂ ನಾನು ಮುಖ್ಯವಾಗಿ ಈ ದೃಷ್ಟಿಯಿಂದಲೇ ಅಳೆದಿದ್ದೇನೆ.

ಕೈ ಒದ್ದೆಯಾಗದಂತೆ, ಮೀನುಗಳು ಬೆದರದಂತೆ, ಎರಡೇ ನಿಮಿಷದಲ್ಲಿ ಕೆಲಸ ಮುಗಿಸುವುದರಲ್ಲಿ ಮ್ಯಾಗ್ನೆಟ್ಟಿಗೆ ಸಾಟಿಯಿಲ್ಲ. ಹೊಸ ಟ್ಯಾಂಕಿನಲ್ಲಿ ಮೊದಲು ಕಾಣಿಸಿಕೊಳ್ಳುವ ಕಂದು ಬಣ್ಣದ ಡಯಾಟಮ್ (ಒಂದು ಬಗೆಯ ಸೂಕ್ಷ್ಮ ಪಾಚಿ) ಪೊರೆ ಅದರ ಒಂದೇ ಎಳೆತಕ್ಕೆ ಹೋಗುತ್ತದೆ. ಆದರೆ ಅದರ ಒಳತುಂಡಿನ ಒರಟು ಬಟ್ಟೆ ಮರಳಿನ ಕಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಡಿದದ್ದು ಹೊರಗಿನಿಂದ ನಮಗೆ ಕಾಣುವುದಿಲ್ಲ. ಗಾಜಿನ ದಪ್ಪಕ್ಕೆ ತಕ್ಕ ಶಕ್ತಿಯ ಮ್ಯಾಗ್ನೆಟ್ ಕೊಳ್ಳದಿದ್ದರೆ ಒಳತುಂಡು ಕಳಚಿ ಮರಳಿನ ಮೇಲೆ ಬೀಳುತ್ತದೆ. ಅದನ್ನು ಹೊರತೆಗೆದು ತೊಳೆಯದೆ, ಹೊರಗಿನ ತುಂಡಿನಿಂದಲೇ ಸೆಳೆದು ಮತ್ತೆ ಗಾಜಿಗೆ ಅಂಟಿಸಿಕೊಂಡದ್ದೇ ನಾನು ಮಾಡಿದ ತಪ್ಪು.

ಎಟಿಎಂ ಕಾರ್ಡಿನ ಬಗ್ಗೆ ನನಗೆ ಹೆಚ್ಚಿನ ನಿರೀಕ್ಷೆ ಇರಲಿಲ್ಲ, ಆದರೆ ಎಂಟು ವಾರಗಳ ಬಳಿಕ ಅತ್ಯಂತ ನಂಬಿಕೆ ಹುಟ್ಟಿಸಿದ್ದು ಅದೇ. ಪ್ಲಾಸ್ಟಿಕ್ಕು ಗಾಜಿಗಿಂತ ಬಹಳ ಮೆದು. ಅದರ ನುಣುಪಾದ ಅಂಚಿನಲ್ಲಿ ಕಣ ನಿಲ್ಲುವುದು ಕಡಿಮೆ, ನಿಂತರೂ ಬೆರಳಿಗೆ ತಕ್ಷಣ ಕರಕರ ಎಂದು ತಿಳಿಯುತ್ತದೆ. ಚಿಪ್ ಇರುವ ಅರ್ಧವನ್ನು ಕತ್ತರಿಸಿ ತೆಗೆದು, ಉಳಿದರ್ಧವನ್ನು ಮಾತ್ರ ಬಳಸಬೇಕು. ಲೋಹದ ತುಂಡು ನೀರಿನಲ್ಲಿ ಇರುವುದು ಬೇಡ. ಮೂಲೆಗಳಲ್ಲಿರುವ ಸಿಲಿಕೋನ್ ಅಂಟಿನ ಪಕ್ಕದಲ್ಲಿಯೂ ಅದನ್ನು ನಿರ್ಭಯವಾಗಿ ಎಳೆಯಬಹುದು. ಅದರ ಸೋಲು ಒಂದೇ ಕಡೆ: ಗಾಜಿಗೆ ಅಂಟಿಕೊಂಡ ಗಟ್ಟಿ ಹಸಿರು ಚುಕ್ಕೆಗಳ ಮುಂದೆ. ಎಷ್ಟು ಒತ್ತಿದರೂ ಕಾರ್ಡು ಬಾಗುತ್ತದೆಯೇ ಹೊರತು ಚುಕ್ಕೆ ಕದಲುವುದಿಲ್ಲ.

ಆ ಚುಕ್ಕೆಗಳಿಗೆ ಬ್ಲೇಡೇ ಬೇಕು. ಹೊಸ ಬ್ಲೇಡನ್ನು ಗಾಜಿಗೆ ಬಹುಪಾಲು ಮಲಗಿಸಿದಂತೆ ಹಿಡಿದು ಮುಂದಕ್ಕೆ ಮಾತ್ರ ತಳ್ಳಬೇಕು, ಹಿಂದಕ್ಕೆ ಎಳೆಯಬಾರದು; ನೆಟ್ಟಗೆ ನಿಲ್ಲಿಸಿದರೆ ಅಥವಾ ತುದಿಯ ಮೂಲೆ ತಾಗಿದರೆ ಅಪಾಯ. ಅಂಚು ಮುಕ್ಕಾದ ಅಥವಾ ತುಕ್ಕು ಹಿಡಿದ ಬ್ಲೇಡನ್ನು ಮತ್ತೆ ನೀರಿಗೆ ಇಳಿಸಬಾರದು. ಸಿಲಿಕೋನ್ ಅಂಟಿಗೆ ಬ್ಲೇಡು ತಾಗಿದರೆ ಗೀರಿಗಿಂತ ದೊಡ್ಡ ತೊಂದರೆ, ಟ್ಯಾಂಕೇ ಸೋರಬಹುದು. ನನ್ನ ಬಲಪಾಲಿನಲ್ಲಿ ಎಂಟು ವಾರಗಳಲ್ಲಿ ಒಂದು ಗೀರೂ ಬೀಳಲಿಲ್ಲ, ಆದರೆ ಪ್ರತಿ ಸಲವೂ ಉಸಿರು ಬಿಗಿಹಿಡಿದೇ ಕೆಲಸ ಮಾಡಿದ್ದೇನೆ. ಅಕ್ರಿಲಿಕ್ ಟ್ಯಾಂಕು ಇರುವವರು ಬ್ಲೇಡನ್ನು ಹತ್ತಿರಕ್ಕೂ ತರಬಾರದು. ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕು ಗಾಜಿಗಿಂತ ಎಷ್ಟೋ ಮೆದು.

ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ ಪ್ಯಾಡನ್ನು ನಾನು ಪರೀಕ್ಷೆಗೆ ಸೇರಿಸಲೇ ಇಲ್ಲ. ಅಂಥ ಪ್ಯಾಡುಗಳಲ್ಲಿ ಸಾಮಾನ್ಯವಾಗಿ ಬೆರೆಸುವ ಅಲ್ಯುಮಿನಿಯಂ ಆಕ್ಸೈಡ್ ಗಾಜಿಗಿಂತ ಗಡಸು. ಜೊತೆಗೆ ಅಡುಗೆಮನೆಯಲ್ಲಿ ಬಳಸಿದ್ದಾದರೆ ಅದರಲ್ಲಿ ಉಳಿದ ಸೋಪು ಮೀನುಗಳಿಗೆ ವಿಷ.

ನೀರಿನ ಮಟ್ಟದ ಗುಂಟ ನಿಲ್ಲುವ ಬಿಳಿ ಗೆರೆ ಪಾಚಿಯಲ್ಲ. ನಮ್ಮ ಬೋರ್‌ವೆಲ್ ನೀರು ಆವಿಯಾದಾಗ ಉಳಿಯುವ ಸುಣ್ಣದ ಅಂಶ ಅದು. ಅದನ್ನು ಕೆರೆಯುವುದೇ ತಪ್ಪು, ಕರಗಿಸಬೇಕು. ನೀರನ್ನು ನಾಲ್ಕು ಬೆರಳು ಇಳಿಸಿ, ಬಿಳಿ ವಿನಿಗರ್‌ನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ಹತ್ತು ನಿಮಿಷ ಗೆರೆಯ ಮೇಲೆ ಅಂಟಿಸಿಟ್ಟು, ತೊಟ್ಟಿಕ್ಕದಂತೆ ಒರೆಸಿ ತೆಗೆದರೆ ಸಾಕು.

ಈಗ ವಾರದ ಕೆಲಸವೆಲ್ಲ ಕಾರ್ಡಿನದು. ತಿಂಗಳಿಗೊಮ್ಮೆ ಚುಕ್ಕೆಗಳ ಮೇಲೆ ಮಾತ್ರ ಬ್ಲೇಡು ಓಡುತ್ತದೆ. ಮ್ಯಾಗ್ನೆಟ್ಟನ್ನು ಬಿಟ್ಟುಬಿಟ್ಟಿಲ್ಲ, ಕೆಲಸ ಮುಗಿದ ಮೇಲೆ ಒಳತುಂಡನ್ನು ಟ್ಯಾಂಕಿನಲ್ಲಿ ಉಳಿಸದೆ ಹೊರಗೆ ಒಣಗಿಸುತ್ತೇನೆ, ಮತ್ತೆ ಇಳಿಸುವ ಮೊದಲು ಹೆಬ್ಬೆರಳಿನಿಂದ ಸವರಿ ನೋಡುತ್ತೇನೆ, ಮತ್ತು ಮರಳಿನಿಂದ ಒಂದು ಗೇಣು ಮೇಲೆಯೇ ನಿಲ್ಲಿಸುತ್ತೇನೆ.